ಚಳಿಗೆ ಮಾತ್ರ ಕೂಗುವ ಕಾರು

ನರ್ಸಮ್ಮ ಮೂರನೇ ಸಲ ಕಾರು ತಂದು ಗ್ಯಾರೇಜಿನ ಅಂಗಳದಲ್ಲಿ ನಿಲ್ಲಿಸಿದಾಗ ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಸಿಟ್ಟು ಆಕೆಯ ಮೇಲಲ್ಲ, ಕಾರಿನ ಮೇಲೆ. ಎರಡು ಸಲ ಔಷಧಿ ಕೊಟ್ಟು ಕಳಿಸಿದ ರೋಗಿ ಅದೇ ಕೆಮ್ಮು ಹೊತ್ತು ಮತ್ತೆ ಬಂದರೆ ವೈದ್ಯನಿಗೆ ಹೇಗಾಗುತ್ತದೋ ಹಾಗೆ.

"ಮತ್ತೆ ಕೂಗ್ತಿದೆ ಮೇಸ್ತ್ರಿ," ಎಂದರು ಇಳಿಯುತ್ತಲೇ. "ಬೆಳಿಗ್ಗೆ ಚಳಿಯಲ್ಲಂತೂ ಕೇಳೋದೇ ಬೇಡ. ಪ್ರತಿ ಗುಂಡಿಗೂ ಹಳೇ ಮಂಚದ ಹಾಗೆ ಕಿರ್ರ್ ಅನ್ನುತ್ತೆ."

"ಬುಷ್ ಹೊಸದು ಹಾಕಿದೀನಲ್ಲಮ್ಮ."

"ಹಾಕಿದೀರಿ, ಇಲ್ಲ ಅಂದೋರ್ಯಾರು? ನಂಗೆ ಬುಷ್ಷು ಗಿಷ್ಷು ಗೊತ್ತಿಲ್ಲ. ಒಂದೇ ಮಾತು ಹೇಳಿ. ನೋವು ತಿನ್ನೋ ಹೆಣ್ಣುಮಗಳನ್ನ ಹಿಂದಿನ ಸೀಟಲ್ಲಿ ಮಲಗಿಸ್ಕೊಂಡು ಈ ಕಾರಲ್ಲಿ ಆ ಇಳಿಜಾರು ಇಳೀಬಹುದಾ, ಬೇಡ್ವಾ?"

ಆಕೆ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆಕೆಯದು ಹೆರಿಗೆ ಮಾಡಿಸುವ ಕೆಲಸ. ಗುಡ್ಡದ ಮೇಲಿನ ಮನೆಗಳಿಗೆ ದೊಡ್ಡ ಗಾಡಿ ಹತ್ತುವುದಿಲ್ಲ; ಈಕೆಯ ಪುಟ್ಟ ಕಾರೇ ಗತಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ, ನಡುವೆ ಒಂದು ಕಾರು ಮೈ ಹಿಡಿದುಕೊಂಡು ಹೋಗುವಷ್ಟು ದಾರಿ. ನಾನು "ಹೋಗಬಹುದು" ಅಂದರೆ ಆಕೆ ಹೋಗುತ್ತಾರೆ. ನನ್ನ ಮಾತಿನ ಮೇಲೆ ಎರಡು ಜೀವ, ಕೆಲವು ಸಲ ಮೂರು.

ನನ್ನ ಮಾತಿಗೆ ಅಷ್ಟು ತೂಕ ಬಂದದ್ದು ನನ್ನ ಕಿವಿಯಿಂದ. ಜನ ನನ್ನನ್ನು ಕರೆಯುವುದೇ ಕಿವಿ ಮೇಸ್ತ್ರಿ ಎಂದು. ಗೇಟಿನೊಳಗೆ ಬರುವ ಗಾಡಿಯ ಸದ್ದು ಕೇಳಿಯೇ ಯಾವ ಚಕ್ರ, ಯಾವ ಬೇರಿಂಗು ಎಂದು ಹೇಳುತ್ತಿದ್ದೆ. ಮೂವತ್ತೊಂದು ವರ್ಷ ಆ ಕಿವಿಯ ಅನ್ನವನ್ನೇ ತಿಂದಿದ್ದೇನೆ.

ಮೊದಲ ಸಲ ನರ್ಸಮ್ಮ ಬಂದಾಗ ಮಧ್ಯಾಹ್ನದ ಬಿಸಿಲು. ಆಕೆ ರಸ್ತೆ ಬದಿ ಫೋನಿನಲ್ಲಿ ಮಾತಾಡುತ್ತಿದ್ದಾಗ ಕಾರಿನ ಮೂತಿಯನ್ನು ಒತ್ತಿ ಒತ್ತಿ ಕುಣಿಸಿದೆ. ಸದ್ದಿಲ್ಲ. "ಚಳಿಗೆ ರಬ್ಬರು ಗಟ್ಟಿಯಾಗುತ್ತೆ ತಾಯಿ, ನಮ್ಮ ಮಂಡಿ ಹಿಡ್ಕೊಳ್ಳೋ ಹಾಗೆ," ಎಂದು ಕೀಲುಗಳಿಗೆಲ್ಲ ಒಂದಿಷ್ಟು ಎಣ್ಣೆ ಸ್ಪ್ರೇ ಹೊಡೆದು ಕಳಿಸಿದೆ.

ಎರಡನೇ ಸಲ ಉಪಾಯ ಮಾಡಿದೆ. ಚಳಿಗೆ ಕೂಗುವ ಗಾಡಿಯನ್ನು ಚಳಿಯಲ್ಲೇ ಹಿಡಿಯಬೇಕು. ಕಾರನ್ನು ರಾತ್ರಿ ಅಂಗಳದಲ್ಲಿ ಬಿಡಿಸಿಕೊಂಡು, ಬೆಳಕು ಹರಿಯುತ್ತಲೇ ಬಂದೆ. ಗಾಜಿನ ಮೇಲೆ ಇಬ್ಬನಿ ದಟ್ಟವಾಗಿ ಕೂತಿತ್ತು. ನನ್ನ ಭಾಮೈದ, ಹೆಂಡತಿಯ ತಮ್ಮ, ಮೂತಿ ಒತ್ತಿದ. ಕೂಗಿತು! ಮುಂದಿನ ಎಡಗಾಲಿಯ ಕಡೆಯಿಂದ ದಪ್ಪ ದನಿಯಲ್ಲಿ ಕಪ್ಪೆ ಒದರಿದ ಹಾಗೆ. ನಾನು ಕೆಟಲ್‌ನಲ್ಲಿ ಬಿಸಿನೀರು ಕಾಯಿಸಿ ತಂದೆ. ಇದು ನನ್ನದೇ ಕ್ರಮ: ಒಂದೊಂದೇ ಕೀಲಿಗೆ ಬಿಸಿನೀರು ಸುರಿಯುತ್ತಾ ಹೋಗುವುದು, ಯಾವುದಕ್ಕೆ ಸುರಿದಾಗ ಸದ್ದು ನಿಲ್ಲುತ್ತದೋ ಕಳ್ಳ ಅದೇ. ಚಕ್ರ ಹೊತ್ತಿರುವ ಉಕ್ಕಿನ ತೋಳಿನ ಬುಡದಲ್ಲಿ ರಬ್ಬರಿನ ಬುಷ್ ಇರುತ್ತದೆ. ಅದರ ಮೇಲೆ ಸುರಿದೆ. ನೀರು ತೋಳಿನುದ್ದಕ್ಕೂ ಹರಿದು ತುದಿಯಿಂದ ತೊಟ್ಟಿಕ್ಕಿತು. ಸದ್ದು ನಿಂತಿತು.

"ಸಿಕ್ತು ನೋಡೋ!" ಎಂದು ತೊಡೆ ತಟ್ಟಿದೆ. ಭಾಮೈದ ಏನೋ ಹೇಳಲು ಬಾಯಿ ತೆರೆದವನು, "ಹೂಂ ಭಾವ," ಎಂದ. ಹೊಸ ಬುಷ್ ಹಾಕಿ ಕಳಿಸಿದೆ.

ಈಗ ಮೂರನೇ ಸಲ. ಬೆಳಿಗ್ಗೆ ಹತ್ತು ಗಂಟೆ, ಬಿಸಿಲು ಏರಿತ್ತು. "ಒತ್ತು ನೋಡೋಣ," ಎಂದೆ. ಭಾಮೈದ ಒತ್ತಿದ. ಕಾರು ಎರಡು ಸಲ ತಲೆಯಾಡಿಸಿ ಸುಮ್ಮನಾಯಿತು.

"ನೋಡಿ, ಈಗ ಇಲ್ಲ," ಎಂದೆ.

ನರ್ಸಮ್ಮ ನನ್ನ ಮುಖ ನೋಡಿದರು. "ಏನಿಲ್ಲ?"

"ಸದ್ದು."

"ಮೇಸ್ತ್ರಿ, ತಮಾಷೆ ಮಾಡ್ತಿದೀರಾ? ಈಗ್ಲೂ ಕೂಗ್ತಲ್ಲ! ಬೆಳಿಗ್ಗೆ ದಪ್ಪಗೆ ಕೂಗ್ತಿತ್ತು, ಈಗ ಸಣ್ಣಗೆ. ಇಲಿ ಮರಿ ಥರ."

ನಾನು ಭಾಮೈದನ ಕಡೆ ತಿರುಗಿದೆ. ಅವನು ನೆಲದ ಮೇಲೆ ಬಿದ್ದಿದ್ದ ಒಂದು ನಟ್ಟನ್ನು ಕಾಲಿನಿಂದ ಉರುಳಿಸುತ್ತಿದ್ದ. ಹದಿನೆಂಟು ವರ್ಷ ನನ್ನ ಜೊತೆ ದುಡಿದವನು, ಮಕ್ಕಳ ತಂದೆ. ಕದ್ದು ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸಿದ್ದ.

"ಇನ್ನೊಂದ್ಸಲ ಒತ್ತು."

ಒತ್ತಿದ. ನನಗೆ ಕೇಳಿಸಿದ್ದು ಟೈರು ನೆಲ ಒತ್ತಿದ ಮೆತ್ತನೆಯ ಸದ್ದು, ರಸ್ತೆಯಲ್ಲಿ ಹೋದ ಒಂದು ಲಾರಿ, ಅಷ್ಟೇ. ನರ್ಸಮ್ಮ ಬೆರಳೆತ್ತಿ, "ಅದೇ, ಅದೇ," ಎಂದರು.

ನಾನೇ ಹೋಗಿ ಒತ್ತಿದೆ. ಏನೂ ಇಲ್ಲ.

ಆಕೆ ಕಾರಿನೊಳಗಿಂದ ತಮ್ಮ ಚೀಲ ತೆಗೆದರು. "ಇಲ್ಲಿ ಕೂತ್ಕೊಳ್ಳಿ. ಕಣ್ಣು ಮುಚ್ಚಿ. ಸದ್ದು ಬಂದಾಗ ಕೈ ಎತ್ತಿ." ಮಕ್ಕಳಿಗೆ ಹೇಳುವ ದನಿ. ನಾನು ಹಳೆಯ ಟೈರುಗಳ ಮೇಲೆ ಕೂತು ಕಣ್ಣು ಮುಚ್ಚಿದೆ. ಕಾದೆ. ತುಂಬ ಹೊತ್ತಾಯಿತು. ಇನ್ನೂ ಶುರುವೇ ಮಾಡಿಲ್ಲವೇನೋ ಎಂದುಕೊಂಡು, "ಹೂಂ, ಆಗ್ಲಿ," ಎಂದೆ.

ಕಣ್ಣು ತೆರೆದೆ. ನರ್ಸಮ್ಮನ ಕೈಯಲ್ಲಿ ಜ್ವರ ನೋಡುವ ಥರ್ಮಾಮೀಟರು, ಬೀಪ್ ಬೀಪ್ ಅನ್ನುವ ಹೊಸ ಬಗೆಯದು. ಅದರ ಪುಟ್ಟ ಕಿಟಕಿಯಲ್ಲಿ ಅಂಕಿ ಮೂಡಿ ನಿಂತಿತ್ತು. ಅದು ಕೂಗಿ ಮುಗಿಸಿತ್ತು. ಆಕೆಯ ಬೆನ್ನ ಹಿಂದೆ ನನ್ನ ಭಾಮೈದ ಕೈ ಎತ್ತಿಕೊಂಡು ನಿಂತಿದ್ದ, ಇಳಿಸುವುದನ್ನೇ ಮರೆತಿದ್ದ.

"ಎಷ್ಟು ಸಲ ಕೂಗ್ತು?" ಎಂದೆ.

"ನಾಲ್ಕು," ಎಂದರು ನರ್ಸಮ್ಮ ಮೆಲ್ಲಗೆ. "ಕಿವಿ ಪೂರ್ತಿ ಹೋಗಿಲ್ಲ ಮೇಸ್ತ್ರಿ. ದಪ್ಪ ದನಿ ಕೇಳುತ್ತೆ, ಸಣ್ಣ ಕೀಚಲು ದನಿ ಕೇಳಲ್ಲ. ವಯಸ್ಸು, ಜೊತೆಗೆ ಇಷ್ಟು ವರ್ಷ ಸುತ್ತಿಗೆ ಏಟಿನ ಮಧ್ಯೆ ಬಾಳು."

ಚಳಿಗೆ ಕೂಗಿ ಬಿಸಿಲಿಗೆ ಸುಮ್ಮನಾಗುವ ಕಾರು ಅದಾಗಿರಲಿಲ್ಲ. ಅದು ಯಾವಾಗಲೂ ಕೂಗುತ್ತಲೇ ಇತ್ತು. ಬಿಸಿಯಾದಾಗ ದನಿ ಸಣ್ಣಗಾಗುತ್ತಿತ್ತು, ಆಗ ಸುಮ್ಮನಾಗುತ್ತಿದ್ದುದು ನನ್ನ ಕಿವಿ. ಬಿಸಿನೀರು ಸುರಿದ ದಿನವೂ ಸದ್ದು ನಿಂತಿರಲಿಲ್ಲ!

"ಅವತ್ತು ನಿಂಗೆ ಕೇಳಿಸ್ತಾ ಇತ್ತೇನೋ?"

ಭಾಮೈದ ಎತ್ತಿದ ಕೈ ಇಳಿಸಿದ. "ಇತ್ತು ಭಾವ."

"ಮತ್ತೆ ಯಾಕೋ ಬಾಯಿಗೆ ಬೀಗ ಹಾಕ್ಕೊಂಡಿದ್ದೆ? ಹದಿನೆಂಟು ವರ್ಷ ಅನ್ನ ಹಂಚ್ಕೊಂಡು ತಿಂದೋನು ನನ್ನ ಕಿವಿಗೇ ಹೂವಿಟ್ಯಲ್ಲೋ!"

"ಹೂವಿಡ್ಲಿಲ್ಲ ಭಾವ, ನಿಮ್ಮಾಣೆ." ಅವನು ನನ್ನ ಹತ್ತಿರ ಬಂದ. "ನಾನು ಹೊಸದಾಗಿ ಬಂದಾಗ ಒಂದು ಗಾಡಿಯ ಗೇರ್‌ಬಾಕ್ಸಲ್ಲಿ ಸದ್ದಿದೆ ಅಂದ್ರಿ. ನಮಗ್ಯಾರಿಗೂ ಕೇಳಿಸ್ಲಿಲ್ಲ. ಬಿಚ್ಚಿದ್ರೆ ಹಲ್ಲು ಮುರಿದಿತ್ತು. ಅವತ್ತಿಂದ ನೀವು ಇದೆ ಅಂದ್ರೆ ಇದೆ, ಇಲ್ಲ ಅಂದ್ರೆ ಇಲ್ಲ. ಈ ವರ್ಷ ನೀವು ಇಲ್ಲ ಅಂದಾಗ್ಲೆಲ್ಲ ನಂಗೆ ಕೇಳಿಸ್ತಿತ್ತು. ನನ್ನ ಕಿವೀಲೇ ಏನೋ ಗುಂಯ್ಗುಡ್ತಿದೆ ಅಂದ್ಕೊಂಡೆ. ಎರಡು ಸಲ ಡಾಕ್ಟರ ಹತ್ರ ಹೋಗಿ ಕಿವಿ ತೊಳೆಸ್ಕೊಂಡು ಬಂದೆ."

ನರ್ಸಮ್ಮನಿಗೆ ನಗು ಉಕ್ಕಿತು, ತಡೆದುಕೊಂಡರು. ನನಗೆ ನಗು ಬರಲಿಲ್ಲ. ಕೇಳುವ ಕಿವಿ ತೊಳೆಸಿಕೊಂಡಿತ್ತು, ಕೇಳದ ಕಿವಿ ಮೇಸ್ತ್ರಿಕೆ ಮಾಡುತ್ತಿತ್ತು.

"ಕಾರಿನ ಕೆಳಗೆ ನುಗ್ಗು," ಎಂದೆ. "ಇವತ್ತು ನಿನ್ನ ಕಿವಿ, ನನ್ನ ಕೈ. ನಾನೇನಾದ್ರೂ ಇಲ್ಲ ಅಂದ್ರೆ ನನ್ನ ಬಾಯಿಗೆ ಬಟ್ಟೆ ತುರುಕು."

ನಾನು ಮೂತಿ ಒತ್ತಿದೆ. ಅವನು ಕೆಳಗೆ ಮಲಗಿ, ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು, ತುದಿಯನ್ನು ಒಂದೊಂದೇ ಕೀಲಿಗೆ ಮುಟ್ಟಿಸುತ್ತಾ ಹೋದ. ಬುಷ್ ಅಲ್ಲ. ಶಾಕ್ ಅಬ್ಸಾರ್ಬರ್ ಅಲ್ಲ. ತೋಳಿನ ತುದಿಗೆ ಬಂದವನು ಸ್ಕ್ರೂಡ್ರೈವರನ್ನು ಕಿವಿಯಿಂದ ಫಕ್ಕನೆ ಕಿತ್ತುಕೊಂಡ.

"ಇಲ್ಲಿ ಭಾವ. ಕಿವಿಗೆ ಸೂಜಿ ಹಾಕ್ದಂಗಿದೆ."

ಅದು ಬಾಲ್ ಜಾಯಿಂಟ್. ನಮ್ಮ ಭುಜದ ಕೀಲಿನ ಹಾಗೆ, ಬಟ್ಟಲಿನೊಳಗೆ ಗುಂಡು. ಚಕ್ರವನ್ನು ಕಾರಿಗೆ ಹಿಡಿದಿಡುವುದೇ ಅದು. ಅದರ ರಬ್ಬರ್ ಟೋಪಿ ಹೊರಗಿನಿಂದ ಚೆನ್ನಾಗೇ ಕಾಣುತ್ತಿತ್ತು. ಬೆರಳು ಹಾಕಿ ಹಿಂಭಾಗ ತಡವಿದೆ. ಹರಿದಿತ್ತು. ಒತ್ತಿದರೆ ಗ್ರೀಸಿನ ಬದಲು ತುಕ್ಕಿನ ನೀರು, ಒಣಗಿದ ರಕ್ತದ ಬಣ್ಣದ್ದು, ನನ್ನ ಮುಂಗೈ ಮೇಲೆ ಇಳಿಯಿತು. ಅದರಲ್ಲಿ ನಾನೇ ಸುರಿದ ಬಿಸಿನೀರೂ ಇದ್ದಿರಬೇಕು.

ಎಷ್ಟು ಸಡಿಲವಾಗಿದೆ ನೋಡೋಣವೆಂದು ಜಾಕ್ ಏರಿಸಿ, ಕಬ್ಬಿಣದ ಸಲಾಕೆ ಕೊಟ್ಟು ತೋಳನ್ನು ಕೆಳಕ್ಕೆ ಒತ್ತಿದೆ. ಜೋರಾಗೇನೂ ಅಲ್ಲ. ಒಂದು ಸಣ್ಣ ಟಕ್. ಗುಂಡು ಬಟ್ಟಲಿನಿಂದ ಕಳಚಿ ಹೊರಗೆ ಬಂತು. ಚಕ್ರ ಕುತ್ತಿಗೆ ಮುರಿದ ಕೋಳಿಯ ಹಾಗೆ ಹೊರಕ್ಕೆ ವಾಲಿತು.

ಮೂವರೂ ನೋಡುತ್ತಾ ನಿಂತೆವು. ನರ್ಸಮ್ಮ ನಾನು ಕೂತಿದ್ದ ಟೈರುಗಳ ಮೇಲೆ ಕುಸಿದು ಕೂತರು.

"ನಿನ್ನೆ ಅವಳಿ ಮಕ್ಕಳ ಬಸುರಿಯನ್ನ ಇಳಿಸ್ಕೊಂಡು ಬಂದೆ," ಎಂದರು. "ಆ ತಿರುವಿನಲ್ಲಿ ಆ ಹುಡುಗಿ, ಅಕ್ಕಾ ಅದೇನದು ಕೂಗ್ತಿದೆ ಅಂದ್ಲು. ಏನಿಲ್ಲಮ್ಮ, ಮೇಸ್ತ್ರಿ ನೋಡಿದಾರೆ ಅಂದೆ."

ಆಕೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ನಾನು ಕೈಮುಗಿಯಲು ಹೋದೆ. ಕೈತುಂಬ ಆ ಕೆಂಪು ನೀರು. ಹಾಗೇ ಇಳಿಸಿದೆ.

ಎರಡೂ ಕಡೆಗೆ ಹೊಸ ಬಾಲ್ ಜಾಯಿಂಟ್ ಹಾಕಿ ಮುಗಿಸುವಾಗ ಮಧ್ಯಾಹ್ನ ದಾಟಿತ್ತು. ನಡುವೆ ನನ್ನ ಹೆಂಡತಿ ಊಟಕ್ಕೆ ಕರೆಯಲು ಫೋನ್ ಮಾಡಿದಳು. ವಿಷಯ ಹೇಳಿದೆ. "ಅಯ್ಯೋ, ಅದಾ?" ಎಂದಳು. "ನಿಮ್ಮ ಕೈಗಡಿಯಾರದ ಅಲಾರಾಂ ಬೆಳಗಾಗೆದ್ದು ಒಂದು ವರ್ಷದಿಂದ ನಾನೇ ಆರಿಸ್ತಿದೀನಿ. ನಿದ್ದೆಗಣ್ಣಲ್ಲಿ ನಿಮಗೆ ಸೋಮಾರಿತನ ಅಂದ್ಕೊಂಡಿದ್ದೆ." ಮನೆಯವಳಿಗೆ ಕೇಳಿಸಿತ್ತು, ಭಾಮೈದನಿಗೆ ಕೇಳಿಸಿತ್ತು, ಗಿರಾಕಿಗೆ ಕೇಳಿಸಿತ್ತು. ನನಗೊಬ್ಬನಿಗೆ ಕೇಳಿಸಿರಲಿಲ್ಲ. ತಪ್ಪು ಯಾರ ಮೇಲೆ ಹೊರಿಸಲಿ? "ಹೌದಾ, ನಿಂಗೆ ಕೇಳಿಸ್ತಿದೆಯಾ?" ಎಂದು ನಾನು ಯಾರನ್ನಾದರೂ ಕೇಳಿ ಎಷ್ಟು ವರ್ಷವಾಗಿತ್ತೋ.

ನರ್ಸಮ್ಮ ಕಾರು ಹತ್ತಿ ಕೂತು ಕಿಟಕಿಯಿಂದ ನನ್ನನ್ನು ನೋಡಿದರು. ಅದೇ ಪ್ರಶ್ನೆ.

"ನಾನು ಹೇಳಲ್ಲಮ್ಮ," ಎಂದೆ. "ಇವನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹಾಳು ರಸ್ತೇಲಿ ಒಂದು ಸುತ್ತು ಬನ್ನಿ. ಇವನು ಹೇಳ್ತಾನೆ."

ಅರ್ಧ ಗಂಟೆಯ ಮೇಲೆ ಬಂದರು. ಭಾಮೈದ ಇಳಿದು, ಅಭ್ಯಾಸಬಲದಿಂದ ಮೊದಲು ನನ್ನ ಮುಖ ನೋಡಿದ. ನಾನು ಬೇಕೆಂದೇ ಗೋಡೆ ಕಡೆ ತಿರುಗಿದೆ. ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಹೋಗಬಹುದಕ್ಕ. ಧೈರ್ಯವಾಗಿ ಹೋಗಬಹುದು," ಎಂದ. ಮದುವೆಯ ಮಾತುಕತೆಗೆ ಕೂತಾಗಲೂ ಅವನು ಅಷ್ಟು ಬೆವರಿರಲಿಲ್ಲ.

ಕಾರು ಗೇಟು ದಾಟಿದ ಮೇಲೆ ಅವನನ್ನು ಎದುರಿಗೆ ಕೂರಿಸಿಕೊಂಡೆ. "ಈಗ ಹೇಳು. ನಾನು ಇಲ್ಲ ಅಂದು, ನಿಂಗೆ ಕೇಳಿಸಿದ್ದು ಯಾವ್ಯಾವ ಗಾಡಿ? ಒಂದೂ ಬಿಡಬೇಡ."

ಅವನು ಬೆರಳು ಮಡಿಸತೊಡಗಿದ. ಬೇಕರಿಯವನ ವ್ಯಾನು. ನಿವೃತ್ತ ಮೇಷ್ಟ್ರ ಕಾರು. ಶಾಲೆಯ ವ್ಯಾನು. ದರ್ಜಿಯ ಅಳಿಯನದು. ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಗೆ ಬಂದ.

"ಶಾಲೆ ವ್ಯಾನಲ್ಲಿ ಯಾವ ಕಡೆಯಿಂದ?"

"ಮುಂದೆ ಎಡಕ್ಕೆ ಭಾವ. ಇದೇ ಥರ."

ಗೋಡೆಯ ಗಡಿಯಾರದಲ್ಲಿ ಮೂರೂವರೆ. ಶಾಲೆ ಬಿಡುವ ಹೊತ್ತು. ವ್ಯಾನ್ ಡ್ರೈವರಿಗೆ ಫೋನ್ ಹಚ್ಚಿದೆ.

"ನಮಸ್ಕಾರ ಮೇಸ್ತ್ರಿ! ಏನು ಅಪರೂಪ?"

"ನಿನ್ನ ವ್ಯಾನು ಏನಾದ್ರೂ ಸದ್ದು ಮಾಡ್ತಿದೆಯೇನಪ್ಪ?"

"ನಿಮ್ಮ ಗೇಟು ದಾಟುವಾಗ್ಲೇ ಮಾಡ್ತು. ಆದ್ರೆ ನೀವೇ ಇಲ್ಲ ಅಂದ್ಮೇಲೆ ನಮ್ಮದೇನು? ಹಾಡು ಜೋರಾಗಿ ಹಾಕ್ಕೊಂಡ್ಬಿಟ್ಟೆ."

"ಈಗ ಎಲ್ಲಿದೀಯ?"

"ಮಕ್ಕಳನ್ನ ಹತ್ತಿಸ್ಕೋತಿದೀನಿ. ಹೊರಟೆ."

"ಹೊರಡಬೇಡ!" ನಾನು ಕೂಗಿದ್ದು ಪಕ್ಕದ ಅಂಗಡಿಯವರೂ ಹೊರಗೆ ಬಂದು ನೋಡುವಷ್ಟಿತ್ತು. "ಕೀ ತೆಗಿ. ಮಕ್ಕಳನ್ನೆಲ್ಲ ಇಳಿಸು. ಗಾಲಿ ಒಂದು ಗೇಣೂ ಉರುಳಬಾರದು. ನಾವೇ ಬರ್ತೀವಿ."

ತಿರುಗಿ ನೋಡಿದರೆ ಭಾಮೈದ ಆಗಲೇ ಜಾಕು, ಸಲಾಕೆ ಎತ್ತಿ ನಮ್ಮ ಗಾಡಿಗೆ ಹಾಕುತ್ತಿದ್ದ. ನಾನು ಕೀಲಿಕೈ ಅವನ ಕಡೆ ಎಸೆದು ಪಕ್ಕದ ಸೀಟಿಗೆ ಹತ್ತಿದೆ.