ಶಾಲೆಯ ಗೇಟಿನಿಂದ ಹತ್ತು ನಿಮಿಷ

ರಷ್ಯಾಕ್ಕೆ ಕೂಲಿಗೆ ಹೋಗಿದ್ದ ಬುರ್ಮಾಕಾನಳ ಗಂಡ ತಮ್ಮ ಊರಾದ ನಾರಿನ್‌ಗೆ ಮರಳಿದ್ದು ಶವಪೆಟ್ಟಿಗೆಯಲ್ಲಿ. ಅಂದಿನಿಂದ ಅವಳಿಗೆ ಮಗಳು ಸೈಕಾಲ್ ಒಂದು ಗಳಿಗೆ ಕಣ್ಮರೆಯಾದರೂ ಜೀವ ಹೋದಂತಾಗುತ್ತಿತ್ತು. ಶಾಲೆ ಬಿಡುವವರೆಗೂ ಹಿಮದಲ್ಲಿ ಗೇಟಿನ ಬಳಿಯೇ ನಿಂತಿರುತ್ತಿದ್ದಳು. ಒಂದು ದಿನ ಶಾಲೆಗೇ ಕಳಿಸದೆ ಬಾಗಿಲಿಗೆ ಬೀಗ ಜಡಿದಳು.

“ಅಮ್ಮಾ, ನಾನೇನು ಸತ್ತೋಗಿದೀನಾ, ಹೀಗೆ ಮುಚ್ಚಿಡೋಕೆ?” ಎಂದು ಮಗಳು ಅತ್ತಾಗ ಬುರ್ಮಾಕಾನ್ ಬೀಗ ತೆಗೆದಳು.

ಆ ವಾರವೇ ಮನೋವೈದ್ಯೆಯ ಮುಂದೆ ಕೂತು, “ನಂಗೆ ಹುಚ್ಚಾ, ಡಾಕ್ಟ್ರೇ?” ಎಂದಳು.

“ಹುಚ್ಚಲ್ಲ ಅಕ್ಕಾ, ಅಗಲಿಕೆಯ ಭಯ. ದೊಡ್ಡವರಿಗೂ ಬರುತ್ತೆ. ನಾಳೆ ಹತ್ತೇ ನಿಮಿಷ ಗೇಟಿಂದ ದೂರ ಹೋಗಿ. ಭಯ ಏರುತ್ತೆ, ಆಮೇಲೆ ತಾನಾಗೇ ಇಳಿಯುತ್ತೆ.”

ಮರುದಿನ ಬುರ್ಮಾಕಾನ್ ರೊಟ್ಟಿ ಅಂಗಡಿಯವರೆಗೆ ಹೋಗಿ, ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ಆದರೂ ಹತ್ತು ನಿಮಿಷ ಮುಗಿಯುವವರೆಗೆ ಹಿಂದಕ್ಕೆ ಓಡಲಿಲ್ಲ. ವಸಂತದ ಹೊತ್ತಿಗೆ ಮಗಳನ್ನು ಶಾಲೆಯಲ್ಲಿ ಬಿಟ್ಟು ಮನೆವರೆಗೂ ಹೋಗಬಲ್ಲವಳಾದಳು. ಶಾಲೆ ಬಿಡುವ ಹೊತ್ತಿಗೆ ಮಾತ್ರ ಇನ್ನೂ ಎಲ್ಲರಿಗಿಂತ ಮೊದಲೇ ಗೇಟಿನ ಬಳಿ ಇರುತ್ತಿದ್ದಳು.