ನಡುವಿನ ಮೂರು ಸಾಲು

“ಅಲ್ಲಿ ಬ್ಯಾಡ್ರಿ! ಆ ಗ್ವಾಡಿಗೆ ಕುಂದ್ರಿಸಬ್ಯಾಡ್ರಿ!”

ಸುಂಕಮ್ಮ ಹೊಸ್ತಿಲ ಮೇಲೆ ನಿಂತು ಹೀಗೆ ಕೂಗಿದ್ದಕ್ಕೆ, ಹಾಲಸ್ವಾಮಿ ಮೇಷ್ಟ್ರ ದೇಹವನ್ನು ಎತ್ತಿ ಹಿಡಿದಿದ್ದ ನಾಲ್ವರೂ ಹಾಗೆಯೇ ನಿಂತುಬಿಟ್ಟರು. ಸ್ನಾನ ಮಾಡಿಸಿ, ವಿಭೂತಿ ಬಳಿದು, ನಿವೃತ್ತಿಯ ದಿನ ಹಾಕಿಕೊಂಡಿದ್ದ ಕಪ್ಪು ಕೋಟು ತೊಡಿಸಿ, ಕಾಲು ಮಡಚಿಯಾಗಿತ್ತು. ಗೋಡೆಗೆ ಒರಗಿಸಿ ಕಟ್ಟುವುದೊಂದು ಬಾಕಿ. ಆ ಮನೆತನದಲ್ಲಿ ಸತ್ತವರನ್ನು ಮಲಗಿಸುವ ಪದ್ಧತಿಯಿಲ್ಲ. ಮಣ್ಣಿಗೆ ಹೋಗುವವರೆಗೂ ಕೂರಿಸಿರುತ್ತಾರೆ, ಮಣ್ಣಿನೊಳಗೂ ಕೂರಿಸಿಯೇ ಬರುತ್ತಾರೆ.

“ಯಾಕವ್ವ, ಏನಾಗೈತಿ ಗ್ವಾಡಿಗೆ?” ಎಂದ ಮೇಷ್ಟ್ರ ತಮ್ಮ ಈಶ್ವರ್.

ನಿಜ ಹೇಳಲು ಸುಂಕಮ್ಮನಿಗೆ ಬಾಯಿ ಬರಲಿಲ್ಲ. “ತ್ಯಾವ ಐತ್ರಿ ಅದಕ್ಕ,” ಎಂದಳು.

“ಸತ್ತವರಿಗೆ ತ್ಯಾವ ಏನ್ ಮಾಡ್ತತಿ? ಹಿಡೀರೋ. ಇದಕ್ಕ ಎರಡು ಮೊಳಿ ಅದಾವ, ಕಟ್ಟಾಕ ಬರ್ತತಿ.”

ಆ ಮೊಳೆಗಳು ನಕಾಶೆ ತೂಗುಹಾಕಲು ಮೇಷ್ಟ್ರೇ ಹೊಡೆದವು. ಗೋಡೆಗೆ ಕಪ್ಪು ಬಣ್ಣ ಬಳಿದು ಬೋರ್ಡು ಮಾಡಿಕೊಂಡವರೂ ಅವರೇ. ಅದರ ಮೇಲೆ ನಿನ್ನೆ ಸಂಜೆಯ ಪುನರಾವರ್ತನೆಯ ಪಾಠ ಇನ್ನೂ ಹಾಗೇ ಇತ್ತು. ಎಡಗಡೆ ವ್ಯಾಕರಣ, ಬಲಗಡೆ ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್. ನಡುವೆ ಒಂದು ಮಾದರಿ ಪತ್ರ. ಮೇಷ್ಟ್ರ ಬೆನ್ನು ಸರಿಯಾಗಿ ಆ ಪತ್ರಕ್ಕೇ ಒರಗಿತು.

ಗಲ್ಲಕ್ಕೆ ಬಟ್ಟೆ ಬಿಗಿದು, ತೋಳಿನಡಿ ಪಟ್ಟಿ ಹಾಕಿ ಮೊಳೆಗೆ ಕಟ್ಟಿದರು. ಸುಂಕಮ್ಮ ಎಂದಿನಂತೆ ತಾನು ಕೂರುವ ಮೂಲೆಯಲ್ಲೇ ಕುಸಿದು ಕುಳಿತಳು. ಬೆಳಿಗ್ಗೆ ಆರೂವರೆಗೆ ಕೊನೆಯ ಪಾಠಕ್ಕೆಂದು ಬಂದವಳು ಅವಳು. ನಸುಕಿನಲ್ಲಿ ಬಚ್ಚಲಿಂದ ಬಂದ ಮೇಷ್ಟ್ರು ಅಲ್ಲೇ ಕುಸಿದರಂತೆ, ನೀರು ಕೊಡುವುದರೊಳಗೆ ಮುಗಿದಿತ್ತಂತೆ. ಹತ್ತೂವರೆಗೆ ಹೊಸಪೇಟೆಯಲ್ಲಿ ಅವಳ ಇಂಗ್ಲಿಷ್ ಪರೀಕ್ಷೆ.

*

ಸುಂಕಮ್ಮನ ಗಂಡ ಗಾದಿಲಿಂಗ ತುಂಗಭದ್ರಾ ಡ್ಯಾಮಿನ ಕಾಲುವೆಯ ತೂಬು ಕಾಯುತ್ತಿದ್ದವನು. ಅವನು ಸತ್ತ ಮೇಲೆ, ಹತ್ತನೆಯ ತರಗತಿ ಪಾಸಾಗಿದ್ದರೆ ಅನುಕಂಪದ ಆಧಾರದ ಮೇಲೆ ನಿನಗೊಂದು ಕೆಲಸ ಸಿಗುತ್ತದೆ ಎಂದು ಇಲಾಖೆಯವರು ಹೇಳಿದ್ದರು. ಮೂವತ್ತಾರರ ಸುಂಕಮ್ಮ ಎಲ್ಲ ವಿಷಯವನ್ನೂ ದಾಟಿದಳು, ಇಂಗ್ಲಿಷಿನಲ್ಲಿ ಮಾತ್ರ ಎರಡು ಸಲ ಬಿದ್ದಳು. ಎರಡನೆಯ ಸಲ ಮೂರೇ ಅಂಕ ಕಡಿಮೆ. ಅರ್ಜಿಯ ಅವಧಿ ಈಗ ಮುಗಿಯುತ್ತ ಬಂದಿತ್ತು. ಈ ಸಲ ಹೋದರೆ ಕೆಲಸವೂ ಹೋಯಿತು, ಕ್ವಾರ್ಟರ್ಸೂ ಹೋಯಿತು. ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದೆಂದು ಅವಳು ಯೋಚಿಸಿರಲಿಲ್ಲ, ಯೋಚಿಸಲು ಹೆದರಿಕೆ.

ಗೈಡಿನಲ್ಲಿ ರಾಶಿ ಪತ್ರಗಳಿದ್ದವು. ಒಂದೂ ಅವಳ ತಲೆಯಲ್ಲಿ ನಿಲ್ಲಲಿಲ್ಲ. ಅದಕ್ಕೆ ಮೇಷ್ಟ್ರು ನೋಟ್‌ಬುಕ್ಕನ್ನೇ ಮುಚ್ಚಿಸಿಬಿಟ್ಟರು.

“ಬರಕೋಬ್ಯಾಡ. ನೋಟ್‌ಬುಕ್ಕು ಪರೀಕ್ಷಾ ಹಾಲಿಗೆ ಬರೂದಿಲ್ಲ. ಈ ಗ್ವಾಡಿ ಬರ್ತತಿ. ನೋಡು, ತಾರೀಖು ಮೊಳಿ ಕೆಳಗ. ‘ರೆಸ್ಪೆಕ್ಟೆಡ್ ಸರ್’ ಈ ಬಿರುಕಿನ ಮಗ್ಗಲಕ. ಕಣ್ಣು ಮುಚ್ಚು. ಕಾಣ್ತತೇನು?”

“ಕಾಣ್ತತ್ರಿ ಸಾರ್.”

“ಕಂಡದ್ದನ್ನ ಇಳಿಸು. ಅರ್ಥದ ಉಸಾಬರಿ ನಿನಗ ಬ್ಯಾಡ.”

ಹಾಗೆ ಅವಳೊಳಗೆ ಒಂದಿಡೀ ಗೋಡೆ ಎದ್ದು ನಿಂತಿತ್ತು. ನಿನ್ನೆ ಸಂಜೆ ಮೇಷ್ಟ್ರು ಹಳೆಯ ಪತ್ರ ಅಳಿಸಿ, ಇದೇ ಬರುತ್ತದೆ ಎಂದು ಹೊಸದೊಂದನ್ನು ಬರೆದರು. ಬೀದಿಗೆ ನೀರು ಬಿಡಿಸಿ ಎಂದು ಪಂಚಾಯ್ತಿಗೆ ಅರ್ಜಿ. ಡ್ಯಾಮಿನ ಮಗ್ಗುಲಲ್ಲಿ ಕೂತು ನೀರು ಕೇಳುವ ಅರ್ಜಿಗೆ ಇಬ್ಬರೂ ನಕ್ಕಿದ್ದರು. ಪತ್ರದ ತಲೆ ನಿಂತಿತು, ಬುಡ ನಿಂತಿತು. ನಡುವಿನ ಮೂರು ಸಾಲು ಮಾತ್ರ ಕಣ್ಣು ಮುಚ್ಚಿದ ಕೂಡಲೇ ಜಾರುತ್ತಿದ್ದವು.

“ಇರ್ಲಿ ಬಿಡು, ಅಳಿಸೂದಿಲ್ಲ. ಬೆಳಿಗ್ಗೆ ಬಂದು ಇನ್ನೊಮ್ಮೆ ನೋಡು, ಕುಂತುಬಿಡ್ತತಿ,” ಎಂದಿದ್ದರು.

*

ಜನ ಸೇರಿದರು. ಸುಂಕಮ್ಮ ರೆಪ್ಪೆ ಮಿಟುಕಿಸದೆ ಎದುರಿಗೇ ನೋಡುತ್ತಿದ್ದಳು.

“ಪಾಪ, ತಂದಿ ಇದ್ದಂಗ ಇದ್ರು ಆಕಿಗೆ,” ಎಂದಳು ಪಕ್ಕದ ಮನೆಯ ಹೊಳೆಮ್ಮ.

ಸುಂಕಮ್ಮನ ಕಣ್ಣಿದ್ದದ್ದು ಮೇಷ್ಟ್ರ ಮುಖದ ಮೇಲಲ್ಲ, ಹೆಗಲಿನಾಚೆ. ಅಲ್ಲಿ ಒಂದು ಸಾಲಿನ ಬಾಲ ಕಾಣುತ್ತಿತ್ತು, ಇತ್ತ ಇನ್ನೊಂದರ ಮೊದಲಕ್ಷರ. ಅವರು ಬದುಕಿದ್ದರೆ ತನ್ನ ಈ ನೋಟಕ್ಕೆ ಏನೆನ್ನುತ್ತಿದ್ದರೋ ಎಂದು ನಾಚಿಕೆಯಾಯಿತು. ಆದರೂ ಕತ್ತು ವಾಲಿಸಿ ಇಣುಕಿದಳು.

ಆಟೋ ರಾಯಣ್ಣ ಹಾರ ಹಾಕಿ ಬಂದು ಗಂಡಸರ ನಡುವೆ ಕುಳಿತ. “ಹಂಪ್ಯಾಗ ಒಮ್ಮೆ ಫಾರಿನ್ ಹೆಣ್ಮಗಳೊಬ್ಬಾಕಿ ನಮ್ಮ ಸಾರ್‌ಗೆ ದಾರಿ ಕೇಳಿದ್ಲು. ಸಾಲಿ ಹುಡುಗ್ರೆಲ್ಲಾ ನಿಂತು ನೋಡಾಕತ್ತಾರ. ಸಾರ್‌ಗೆ ಒಂದ್ ಮಾತು ಬರವಲ್ದು, ಬೆವತುಬಿಟ್ರು! ಕಡೀಗೆ ನಾನು ಹೇಳಿ ಕಳಿಸಿದೆ. ಇಂಗ್ಲೀಷಿನಾಗ ಎರಡು ಸಲ ಡುಮ್ಕಿ ಹೊಡದಂವ ನಾನು. ಹೊಸಪ್ಯಾಟಿ ಮಟ ನನ್ನ ಆಟೋದಾಗ ಸುಮ್ನ ಕುಂತು ಬಂದ್ರು. ಇಳಿಯಾಗ ಏನಂದ್ರು ಗೊತ್ತೇನು? ‘ಮಾತಾಡೂದು ನಿನಗ ಬಂತು ರಾಯಣ್ಣ, ಪಾಸ್ ಮಾಡ್ಸೂದು ನನಗ ಬರ್ತತಿ. ಸಾಕು.’”

ಯಾರೋ ನಕ್ಕು, ಜಾಗ ನೆನಪಾಗಿ ಸುಮ್ಮನಾದರು. ನಿವೃತ್ತಿಯ ನಂತರ ಮೇಷ್ಟ್ರು ಫೇಲಾದವರನ್ನೇ ಮನೆಗೆ ಕರೆಯುತ್ತಿದ್ದದ್ದು ಯಾಕೆಂದು ಸುಂಕಮ್ಮನಿಗೆ ಇಂದು ತಿಳಿಯಿತು. ತಿಳಿದು ಇನ್ನಷ್ಟು ಸಂಕಟವಾಯಿತು.

ಮೇಷ್ಟ್ರ ಹೆಂಡತಿ ಅಕ್ಕನಾಗಮ್ಮ ಗಂಡನ ಮಂಡಿ ಹಿಡಿದು ಕೂತಿದ್ದರು. ಮಕ್ಕಳಿಲ್ಲದ ಮನೆ. “ಇಷ್ಟು ಮಂದಿ ಬಂದಾರ, ಏನರ ಹೇಳ್ರಿ. ಬಾಯಿ ಕಟ್ಟಿಸ್ಕೊಂಡು ಕುಂತೀರಲ್ರೀ,” ಎಂದು ಅಳುತ್ತಿದ್ದರು. ಸುಂಕಮ್ಮ ಮೊಣಕಾಲಲ್ಲೇ ಸರಿದು ಅವರ ಕಿವಿಗೆ ಬಾಗಿದಳು.

“ಅಮ್ಮಾ, ತಪ್ಪು ತಿಳ್ಕೋಬ್ಯಾಡ್ರಿ. ನಿನ್ನೆ ಆ ಪತ್ರದಾಗ ನಡುವ ಏನ್ ಬರದಿದ್ರು ಸಾರ್?”

ಅಕ್ಕನಾಗಮ್ಮ ಅವಳನ್ನು ಗುರುತೇ ಇಲ್ಲದವರಂತೆ ನೋಡಿದರು. ಬೈಯಲಿಲ್ಲ. “ನಲವತ್ತು ವರ್ಷ ಅಡಿಗಿ ಮನ್ಯಾಗ ನಿಂತು ಕೇಳೀನವ್ವ. ಒಂದಕ್ಷರ ತಿಳದಿಲ್ಲ ನನಗ,” ಎಂದು ಅವಳ ಕೈ ಹಿಡಿದುಕೊಂಡರು. “ಇವತ್ತೊಂದಿನ ನನ್ನ ಮಗ್ಗಲಕ ಕುಂದ್ರು. ಎಲ್ಲೂ ಹೋಗಬ್ಯಾಡ.”

ಒಂಬತ್ತೂಕಾಲಿಗೆ ಬೀದಿಯಲ್ಲಿ ಶಾಮಿಯಾನ ಎದ್ದಿತು. ಒಳಗೆ ಮಂದಿ ಹಿಡಿಯುತ್ತಿಲ್ಲ, ಹೊರಗೆ ಕೂರಿಸೋಣ ಎಂದ ಈಶ್ವರ್. ಪಟ್ಟಿ ಬಿಚ್ಚಿದರು, ಮೇಷ್ಟ್ರನ್ನು ಎತ್ತಿದರು. ಸುಂಕಮ್ಮ ದಡಕ್ಕನೆ ಎದ್ದು ಗೋಡೆ ನೋಡಿದಳು.

ತಾರೀಖು ಇತ್ತು. ‘ರೆಸ್ಪೆಕ್ಟೆಡ್ ಸರ್’ ಇತ್ತು. ಕೆಳಗೆ ‘ಯುವರ್ಸ್ ಫೇತ್‌ಫುಲಿ’ ಇತ್ತು. ನಡುವೆ ಬರೀ ಬೂದು ಕಲೆ. ಹೊಸ್ತಿಲು ದಾಟುತ್ತಿದ್ದ ಮೇಷ್ಟ್ರ ಕಪ್ಪು ಕೋಟಿನ ಬೆನ್ನಿನ ತುಂಬ ಸೀಮೆಸುಣ್ಣದ ಪುಡಿ ಮೆತ್ತಿಕೊಂಡಿತ್ತು.

“ಅಯ್ಯೋ ಸಾರ್,” ಎಂದು ಅವಳು ಮೊದಲ ಬಾರಿಗೆ ಬಾಯಿ ಬಿಟ್ಟು ಅತ್ತಳು. ಹೊಳೆಮ್ಮ ಸೆರಗಿನಿಂದ ಆ ಕೋಟು ಒರೆಸಿ ಸ್ವಚ್ಛ ಮಾಡಿದಳು.

ರಾಯಣ್ಣ ಹತ್ತಿರ ಬಂದ. “ನಡಿ ತಂಗಿ, ಹತ್ತಾಗಕ ಬಂತು. ನಾ ಬಿಡ್ತೀನಿ. ಮಣ್ಣು ಮಾಡೂದು ಮಧ್ಯಾಹ್ನ ಮೂರಕ್ಕ.”

ಅಕ್ಕನಾಗಮ್ಮ ಹಿಡಿದ ಕೈ ಬಿಡಲಿಲ್ಲ. “ಹೋಗಬ್ಯಾಡವ್ವ,” ಎಂದರು ಮತ್ತೊಮ್ಮೆ, ಮಗುವಿನ ದನಿಯಲ್ಲಿ. ಸುಂಕಮ್ಮ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ಮೇಷ್ಟ್ರ ಕಾಲಿಗೆ ಹಣೆ ಹಚ್ಚಿ, ಹಿಂದಿರುಗಿ ನೋಡದೆ ಆಟೋ ಹತ್ತಿದಳು.

*

ಹದಿಹರೆಯದ ಹುಡುಗಿಯರ ನಡುವೆ ಅವಳ ಬೆಂಚು. ಸಿಮಿಲಿ ಬಂದಿತ್ತು, ಬರೆದಳು. ಬಿಟ್ಟ ಸ್ಥಳ ತುಂಬಿದಳು. ಪುಟ ತಿರುಗಿಸಿದರೆ ಪತ್ರ. ಮೇಷ್ಟ್ರು ಹೇಳಿದ್ದೇ, ಬೀದಿಗೆ ನೀರು. ಐದು ಅಂಕ. ತಾರೀಖು ಹಾಕಿದಳು, ವಿಳಾಸ ಬರೆದಳು, ‘ರೆಸ್ಪೆಕ್ಟೆಡ್ ಸರ್’ ಎಂದು ಬರೆದು ಕಣ್ಣು ಮುಚ್ಚಿದಳು.

ಗೋಡೆ ಬಂತು. ಮೊಳೆ ಬಂತು, ಬಿರುಕು ಬಂತು. ನಡುವೆ ಮೇಷ್ಟ್ರು ಕೂತಿದ್ದರು, ಗಲ್ಲಕ್ಕೆ ಬಟ್ಟೆ ಬಿಗಿದು, ಹಣೆ ತುಂಬ ವಿಭೂತಿ.

“ಸ್ವಲ್ಪ ಆ ಕಡಿ ಕುಂದ್ರಿ ಸಾರ್,” ಎಂದಳು ಅವಳು ತುಟಿಯಲ್ಲೇ. “ಒಂದೀಟು. ಮೂರ ಸಾಲು ಐತಿ.”

ಮುಂದಿನ ಬೆಂಚಿನ ಹುಡುಗಿ ತಿರುಗಿ ನೋಡಿದಳು. ಅರ್ಧ ಗಂಟೆ ಉಳಿದಿದೆ ಎಂದು ಗಂಟೆ ಬಾರಿಸಿತು. ಸುಂಕಮ್ಮ ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿಕೊಂಡಳು. ಮೇಷ್ಟ್ರು ಕೈಕಟ್ಟಿ ಅಲ್ಲೇ ಕೂತಿದ್ದರು.