ಧೂಳಪ್ಪನ ತಾಟು

ನಾಲ್ಕು ತಾಲೂಕು ತಿರುಗಿ ತಿರುಗಿ ಗುರಣ್ಣನ ಚಪ್ಪಲಿ ಸವೆದಿತ್ತು, ತಲೆಯೂ ಕೆಟ್ಟಿತ್ತು. ವಿಶ್ವವಿದ್ಯಾಲಯಕ್ಕೆ ಇಪ್ಪತ್ತೈದು ತುಂಬಿದ ಆ 1975ರಲ್ಲಿ ಸ್ಮರಣ ಸಂಚಿಕೆ ತರುವವರಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಸೇರಿ, ತೀರಿಕೊಂಡ ಗೆಳೆಯರ ನೆನಪಿಗೆ ಒಂದು ತಾಟು ಬಡಿಸಿಡುತ್ತಾರಲ್ಲ, ಅದರ ಬಗ್ಗೆ ಬರೆಯುವ ಕೆಲಸ ಸಿಂದಗಿ ಕಾಲೇಜಿನ ಮಾಸ್ತರ ಗುರಣ್ಣನ ಕೊರಳಿಗೆ ಬಿತ್ತು. ತಾಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಮೊದಲ ತಾಟು ಯಂಕಂಚಿಯ ಧೂಳಪ್ಪನದು. ಓದುವಾಗಲೇ ಸತ್ತ ಹುಡುಗ. ಇಷ್ಟು ಎಲ್ಲರಿಗೂ ಗೊತ್ತು. ಇದಕ್ಕಿಂತ ಹೆಚ್ಚು ಕೇಳಿದರೆ ಬಂತು ನೋಡಿ ಫಜೀತಿ!

ಜೊತೆಗೆ ಓದಿದವರಲ್ಲಿ ಹೊರ್ತಿಯ ಡಾಕ್ಟರರು ಕಾಲರಾ ಅಂದರು. ಮುದ್ದೇಬಿಹಾಳದ ಹೆಡ್‌ಮಾಸ್ತರರು ಹಾವು ಕಡಿಯಿತು ಅಂದರು. ಬಾಗೇವಾಡಿಯ ಕಾಳಿನ ಅಡತಿ ಅಂಗಡಿ ಸಂಗಣ್ಣ ಬಾವಿಗೆ ಬಿದ್ದನೆಂದು ಆಣೆ ಮಾಡಿ, ಕಣ್ಣೊರೆಸಿಕೊಂಡು, ಚಹಾ ಕುಡಿಸಿ ಕಳಿಸಿದ. ಒಬ್ಬರಾದರೂ ಕಣ್ಣಾರೆ ಕಂಡಿದ್ದರೆ ಹೇಳಿ!

ಇಂಡಿಯ ವಕೀಲ ಪಂಢರಿನಾಥರಾಯರು ಸಂಚಿಕೆಯ ಸಂಪಾದಕರು. ಹಾಸ್ಟೆಲಿನಲ್ಲಿ ಧೂಳಪ್ಪನ ಖೋಲಿಯಲ್ಲೇ ಇದ್ದವರು. ಪ್ರತಿ ವರ್ಷ ತಾಟಿನ ಮುಂದೆ ನಿಂತು ಭಾಷಣ ಮಾಡಿ ಅಳುವವರೂ ಅವರೇ. ಗುರಣ್ಣನ ಲೇಖನವನ್ನು ಎರಡು ಸಲ ಹಿಂದಕ್ಕೆ ಒಗೆದಿದ್ದರು.

"ಖಾತ್ರಿ ಆಧಾರ ಬೇಕು, ಗುರಣ್ಣ. ಯಾವಾಗ ಸತ್ತ, ಹ್ಯಾಂಗ ಸತ್ತ ಅಂತ ಅವರ ಮನಿಯವರನ್ನ ಕೇಳ್ಕೊಂಡು ಬಾ. ಇಲ್ಲಾಂದ್ರ ಅಚ್ಚಿಗೆ ಕಳಸೂದಿಲ್ಲ."

"ನೀವು ಅವರ ಗೆಳ್ಯಾರು. ನಿಮಗ ಗೊತ್ತಿಲ್ಲೇನ್ರಿ?"

"ಆ ಕಡಿಯಿಂದ ಬಂದಾಂವ ಒಬ್ಬ ಅವರ ಮನಿಯಿಂದ ಹೆಣ ಹೊಂಟಿದ್ದು ನೋಡಿದ್ದ. ಊರಿಗೆ ಹೋದ ಧೂಳಪ್ಪ ತಿರುಗಿ ಬರಲಿಲ್ಲ. ಇನ್ನೇನು ಬೇಕು?"

ಇವರಿಗೆ ಆಧಾರ ಬೇಡ, ನನಗೆ ಮಾತ್ರ ಬೇಕು ಎಂದು ಹಲ್ಲು ಕಡಿಯುತ್ತ ಗುರಣ್ಣ ಯಂಕಂಚಿ ಬಸ್ಸು ಹತ್ತಿದ.

ಅಲ್ಲಿ ಒಂದು ಮನೆಯ ಅಂಗಳದಲ್ಲಿ ಒಬ್ಬ ಎತ್ತಿನ ಮೈ ತಿಕ್ಕುತ್ತಿದ್ದ.

"ಹಿಂದ ಕಾಲೇಜು ಕಲಿಯಾಕ ಹೋಗಿದ್ರಲ್ಲ ಧೂಳಪ್ಪ, ಅವರ ಮನಿ ಇದೇನ್ರಿ?"

"ನಾನ ಧೂಳಪ್ಪ. ಏನಾಗಬೇಕಿತ್ರಿ?"

ಅಯ್ಯೋ ಶಿವನೇ! ಗುರಣ್ಣ ಕಟ್ಟೆಯ ಮೇಲೆ ಕೂತ. ತಾಟು, ಭಾಷಣ, ಅಳು ಎಲ್ಲವನ್ನೂ ಹೇಳಿದ. ಧೂಳಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಡುವೆಯೇ ನಿಂತಿತು.

"ಸತ್ತಾವ ನಮ್ಮಪ್ಪರಿ. ಹೊಲ ನೋಡೋರಿಲ್ಲಂತ ನಾ ಊರಾಗ ಉಳದೆ. ಸಾವಿಗೆ ಗೆಳ್ಯಾರು ಮಾತಾಡ್ಸಾಕ ಬರ್ತಾರಂತ ದಾರಿ ಕಾದೆ. ಬರ್ರಿ ಅಂತ ಪತ್ರ ಬರದು ಕರಸೂ ಮಾತೇನ್ರಿ ಅದು? ಒಬ್ಬ ಬಂದು ನಡಿ ಅಂದಿದ್ರ ಅವನ ಬೆನ್ನ ಹಿಂದ ಹೋಗಿ ಕಲೀತಿದ್ದೆ." ಅವನ ದನಿ ಏರಿತು. "ಹೋಗ್ಲಿ, ನಾನ ಸತ್ತೇನಿ ಅಂದುಕೊಂಡ್ರಲ್ಲ, ನಮ್ಮವ್ವನ್ನ ಮಾತಾಡ್ಸಾಕರ ಬರಬಾರದಿತ್ತೇನ್ರಿ? ಸತ್ತವರ ಮನಿಗೆ ಆಗದವರೂ ಬರ್ತಾರ!"

ಅಷ್ಟರಲ್ಲಿ ಧೂಳಪ್ಪನ ತಾಯಿ ಕಸ್ತೂರೆವ್ವ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಮುದುಕಿಗೆ ಕಣ್ಣು ಮಂಜು.

"ಯಾರು, ಪಂಢರಿ ಏನು? ಬಂದ್ಯಾ ಯಪ್ಪಾ?"

ಅಲ್ಲ ಅಂದದ್ದಕ್ಕೆ ಮುದುಕಿಯ ಮುಖ ಸಣ್ಣದಾಯಿತು. "ಮಡಿ ಮಂದಿ ಹುಡುಗ, ನಾ ಕಟ್ಟಿ ಕಳಸಿದ ರೊಟ್ಟಿ ಕದ್ದು ತಿಂತಿದ್ನಂತ. ಅಂವಗ ಮುಟ್ಟಸು," ಎಂದು ರೊಟ್ಟಿ, ಶೇಂಗಾ ಹಿಂಡಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು.

ಮರುದಿನ ಇಂಡಿಯಲ್ಲಿ ಗುರಣ್ಣ ಆ ಗಂಟನ್ನು ರಾಯರ ಮೇಜಿನ ಮೇಲಿಟ್ಟ.

"ಧೂಳಪ್ಪ ಜೀವಂತ ಅದಾರ್ರಿ. ಇದು ಅವರವ್ವ ಕೊಟ್ಟಿದ್ದು. ನಿಮ್ಮ ದಾರಿ ಇನ್ನೂ ಕಾಯಾಕತ್ತಾರ."

ರಾಯರು ಗಂಟು ಬಿಚ್ಚಿ, ರೊಟ್ಟಿಯ ಒಂದು ಚೂರು ಮುರಿದು ಹಿಂಡಿ ಹಚ್ಚಿ ಬಾಯಿಗಿಟ್ಟುಕೊಂಡರು. ಕಣ್ಣು ತುಂಬಿ ಬಂತು. "ಅದೇ ರುಚಿ," ಅಂದರು. ಗುರಣ್ಣನಿಗೆ ಹಾಯೆನಿಸಿತು. ಇನ್ನೇನು ಎದ್ದು ಯಂಕಂಚಿ ಬಸ್ಸಿಗೆ ನಡೆಯುತ್ತಾರೆ ಅಂದುಕೊಂಡ.

ರಾಯರು ಕಣ್ಣೊರೆಸಿಕೊಂಡು ಕನ್ನಡಕ ಏರಿಸಿದರು. "ಇಪ್ಪತ್ತು ವರ್ಷ ಮಂದಿ ಮುಂದ ಅತ್ತೀನಿ, ಗುರಣ್ಣ. ಈಗ ಏನಂದಾರು? ಕಾಲರಾ ಅಂತ ಬರದುಬಿಡು. ಹೊರ್ತಿ ಡಾಕ್ಟರ್ ಸಹಿ ಮಾಡ್ತಾರ. ಖಾತ್ರಿ ಆಧಾರ ಆತು."

ಹೀಗೆಂದವರು ಇನ್ನೊಂದು ಚೂರಿಗೆ ಕೈ ಚಾಚಿದರು.

ಗುರಣ್ಣ ಗಂಟನ್ನು ತನ್ನ ಕಡೆ ಎಳೆದುಕೊಂಡು ಬಿಗಿಯಾಗಿ ಕಟ್ಟಿದ.

"ಇದು ಜೀವಂತ ಇದ್ದವರ ಮನಿ ರೊಟ್ಟಿರಿ. ನೀವು ನಿಮ್ಮ ತಾಟಿನ್ಯಾಗಿಂದು ತಿನ್ರಿ."